ಹುಳು ಸಾಕಿದವರು, ಪ್ರಬಂಧ ಬರೆದವರು

ಅಂಕೋಲಾ ತಾಲ್ಲೂಕಿನ ಅಗಸೂರಿನಂಥ ಊರಿಗೆ ಪಿಎಚ್.ಡಿ. ವಿದ್ಯಾರ್ಥಿಯೊಬ್ಬ ಬೈನಾಕ್ಯುಲರ್ ನೇತುಹಾಕಿಕೊಂಡು ಬಂದರೆ, ವನ್ಯಜೀವಿ ಸಂಶೋಧನೆ ವಿಶ್ವವಿದ್ಯಾಲಯದಿಂದ ಕಾಡಿಗೆ ಬಂತೆಂದು ನಾವು ಭಾವಿಸುತ್ತೇವೆ. ಉತ್ತರ ಕನ್ನಡದಲ್ಲಿ ನಡೆದದ್ದು ಬೇರೆ. ಇಲ್ಲಿ ಅದು ಮೊದಲು ಬೇರೂರಿದ್ದು ಕಾರವಾರದ ಸರ್ಕಾರಿ ಅಧಿಕಾರಿಗಳ ಬಿಡುವಿನ ವೇಳೆಯಲ್ಲಿ. ಕಲೆಕ್ಟರ್ ಡೇವಿಡ್ಸನ್, ಅರಣ್ಯಾಧಿಕಾರಿ ಟಿ. ಆರ್. ಬೆಲ್, ಸುಂಕ ಮತ್ತು ಉಪ್ಪಿನ ಇಲಾಖೆಯ ಇ. ಎಚ್. ಐಟ್ಕನ್ ಸೇರಿ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬರೆದ ಲೇಖನಮಾಲೆ 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಇವರ ಹೆಚ್ಚುಗಾರಿಕೆ ರೆಕ್ಕೆಗೆ ಸೂಜಿ ಚುಚ್ಚಿ ಹೆಸರಿಟ್ಟದ್ದರಲ್ಲಿ ಇಲ್ಲ, ಹುಳು ಸಾಕಿದ್ದರಲ್ಲಿದೆ. ಕರಿಬೇವಿನ ಎಲೆ ತಿನ್ನುವ ಹುಳು ಯಾವುದು, ಈಶ್ವರಿ ಬಳ್ಳಿಯದು ಯಾವುದು ಎಂದು ತಿಳಿಯಲು ಆಗ ಬೇರೆ ದಾರಿಯಿರಲಿಲ್ಲ: ಹುಳುವನ್ನು ಎಲೆಸಮೇತ ತಂದು, ದಿನವೂ ಹಸಿ ಎಲೆ ಹಾಕಿ, ಅದು ಪೊರೆ ಕಳಚಿ ಕೋಶ ಕಟ್ಟಿ ಚಿಟ್ಟೆಯಾಗಿ ಹೊರಬರುವವರೆಗೆ ಕಾಯಬೇಕಿತ್ತು.

ದೊರೆಗಳ ಹವ್ಯಾಸವನ್ನು ಹೀಗೆ ಹೊಗಳುವುದೇಕೆ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಬೆಲ್ ಕೆಲಸ ಮಾಡಿದ ಇಲಾಖೆಯೇ ಮಲೆನಾಡಿನಲ್ಲಿ ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯಕ್ಕೆ ಕಡಿವಾಣ ಹಾಕಿತು, ಕಾಡನ್ನು ತೇಗದ ಲೆಕ್ಕದಲ್ಲಿ ನೋಡಿತು. ಆ ಚಿಟ್ಟೆ ಬರಹಗಳಲ್ಲಿ ಕಾಡಿದೆ, ಕಾಡಿನಲ್ಲಿ ಬದುಕುವ ಜನ ಹೆಚ್ಚುಕಡಿಮೆ ಇಲ್ಲ. ಹುಳು ಸಾಕುವವರ ವಿಧಾನಕ್ಕೆ ಎಟುಕದ ಪ್ರಶ್ನೆಗಳನ್ನು ಎತ್ತಿಕೊಂಡದ್ದು ವಿಶ್ವವಿದ್ಯಾಲಯದ ಮಾದರಿಯೇ ಎಂಬುದನ್ನೂ ಒಪ್ಪಬೇಕು. 1983ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳರ ಮುಂದಾಳತ್ವದಲ್ಲಿ ಹುಟ್ಟಿದ ಪರಿಸರ ವಿಜ್ಞಾನ ಕೇಂದ್ರ ಇದೇ ಜಿಲ್ಲೆಯನ್ನು ತನ್ನ ಅಧ್ಯಯನದ ನೆಲವಾಗಿಸಿಕೊಂಡಿತು. ಅಲ್ಲಿ ರಂಜಿತ್ ಡೇನಿಯಲ್ಸ್ ಪಿಎಚ್.ಡಿ.ಗೆ ಆರಿಸಿಕೊಂಡದ್ದು ಜಿಲ್ಲೆಯ ಹಕ್ಕಿಗಳ ಸಂರಕ್ಷಣೆಯನ್ನು. ಮರಗಳ ವೈವಿಧ್ಯಕ್ಕೂ ಹಕ್ಕಿಗಳ ವೈವಿಧ್ಯಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಗೆ ಹುಳುಪೆಟ್ಟಿಗೆಯಲ್ಲಿ ಉತ್ತರ ಸಿಗುವುದಿಲ್ಲ. ಬೇರೆ ಬೇರೆ ಬಗೆಯ ಕಾಡು, ನೆಡುತೋಪುಗಳಲ್ಲಿ ಒಂದೇ ಅಳತೆಯ ನೆಲಪಟ್ಟಿ ಗುರುತಿಸಿ ಹಕ್ಕಿ, ಮರಗಳನ್ನು ಮತ್ತೆ ಮತ್ತೆ ಎಣಿಸಬೇಕು. ಎಣಿಕೆಯನ್ನು ಮಾರ್ಗದರ್ಶಕರೂ ಪರೀಕ್ಷಕರೂ ಜಾಲಾಡಬೇಕು.

ಆದರೆ ಡಾಕ್ಟರೇಟಿಗೊಂದು ಗಡುವಿದೆ, ಫೆಲೋಶಿಪ್ಪಿಗೆ ಕೊನೆಯ ಕಂತಿದೆ. ಬೆಲ್ ನಿವೃತ್ತಿಯಾದ ಮೇಲೂ ಕಾರವಾರದಲ್ಲೇ ಉಳಿದು 1948ರಲ್ಲಿ ತೀರಿಕೊಂಡರು. ಇಷ್ಟು ದೀರ್ಘ ಒಡನಾಟ ಯಾವ ವಿದ್ಯಾರ್ಥಿಗೂ ದಕ್ಕದು. ಪಿಂಚಣಿಯ ಭದ್ರತೆಯಿಲ್ಲದವನಿಂದ ಅದನ್ನು ಬಯಸುವುದೂ ಅನ್ಯಾಯ. ಹಾಗಾದರೆ ಉಳಿಯುವವರು ಯಾರು? ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎಂ. ಡಿ. ಸುಭಾಷ್ ಚಂದ್ರನ್ ಗಾಡ್ಗೀಳರ ಜೊತೆ ಸೇರಿ ಕಾನುಗಳ ಬಗ್ಗೆ 1993ರಲ್ಲಿ ಬರೆದರು. ನೀರಿನ ಸೆಲೆ, ಕಾಡುಮೆಣಸು, ದೇವರ ಭಯ ಎಲ್ಲವೂ ಕೂಡಿ ಹಳ್ಳಿಯವರೇ ಕಾಯ್ದ ಹಸಿರು ತುಂಡುಗಳವು. ಬೆಲ್ ಬರಹದಲ್ಲಿ ಕಾಣದ ಜನ ಇಲ್ಲಿ ಕಾಡಿನ ಕಾವಲುಗಾರರಾಗಿ ಸಿಗುತ್ತಾರೆ, ಮತ್ತು ಹಾಗೆ ಅವರನ್ನು ಕಂಡವರಲ್ಲೊಬ್ಬರು ಇದೇ ಕರಾವಳಿಯ ಕಾಲೇಜು ಮೇಷ್ಟರು.