ಕಲಾಶಾಲೆಯ ಕಮ್ಮಟಕ್ಕೆ ಬಂದ ಹೊರಗಿನ ಕೆಲಸ: ವೈಮಾರ್‌ನಿಂದ ಅಹಮದಾಬಾದಿನವರೆಗೆ

ವಿದ್ಯಾರ್ಥಿಯಾದವನು ಕಲಿಕೆಯನ್ನು ಮುಗಿಸುವುದಕ್ಕೆ ಮೊದಲೇ ಲೋಕದ ಕೆಲಸಕ್ಕೆ ಕೈಹಾಕಬಹುದೇ ಎಂಬ ಪ್ರಶ್ನೆ ಬಹಳ ಹಳೆಯದು. ಕಸುಬುಗಳ ಲೋಕದಲ್ಲಿ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಅಕ್ಕಸಾಲೆಯ ಮಗನಾಗಲಿ, ಶಿಲ್ಪಿಯ ಶಿಷ್ಯನಾಗಲಿ ಕಲಿತದ್ದು ಗಿರಾಕಿಯ ಒಡವೆಯ ಮೇಲೆ, ದೇವಾಲಯದ ಕಲ್ಲಿನ ಮೇಲೆ. ಕಲಿಕೆಯು ಕಾರ್ಯಸ್ಥಾನವನ್ನು ಬಿಟ್ಟು ಪಾಠಶಾಲೆಯ ಕೊಠಡಿಯನ್ನು ಸೇರಿದ ಮೇಲೆಯೇ ಈ ಸಮಸ್ಯೆ ಹುಟ್ಟಿತು. ಇಂದು ಗ್ರಾಫಿಕ್ ಡಿಸೈನ್ ಎಂದು ಕರೆಯಲ್ಪಡುವ ಮುದ್ರಣವಿನ್ಯಾಸದ ಶಿಕ್ಷಣದಲ್ಲಿ, ವಿದ್ಯಾರ್ಥಿಗಳು ಕಾಲೇಜಿನ ಕಾರ್ಯಾಗಾರದಲ್ಲಿಯೇ ಹೊರಗಿನವರಿಗಾಗಿ ನಿಜವಾದ ಕೆಲಸಗಳನ್ನು ಮಾಡಿಕೊಡುವುದು ಸಾಮಾನ್ಯವಾದ ಸಂಗತಿಯಾಗಿದೆ. ಈ ಪದ್ಧತಿಯು ಎಲ್ಲಿ ರೂಪುಗೊಂಡಿತು, ಅದರಿಂದ ವಿದ್ಯಾರ್ಥಿಗೆ ದೊರೆತದ್ದೇನು, ಅವನು ಕಳೆದುಕೊಂಡದ್ದೇನು ಎಂಬುದನ್ನು ಮೂರು ಸಂಸ್ಥೆಗಳ ಇತಿಹಾಸದ ಆಧಾರದಿಂದ ವಿಚಾರ ಮಾಡುವುದು ಪ್ರಕೃತ ಲೇಖನದ ಉದ್ದೇಶ.

1

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯು ಸೋತ ಮರುವರ್ಷವೇ, ಎಂದರೆ 1919ರ ಏಪ್ರಿಲ್ ತಿಂಗಳಿನಲ್ಲಿ, ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ವೈಮಾರ್ ನಗರದಲ್ಲಿ ಬೌಹೌಸ್ ಎಂಬ ಶಾಲೆಯನ್ನು ಸ್ಥಾಪಿಸಿದನು. ಅಲ್ಲಿ ಪ್ರಾಧ್ಯಾಪಕ, ವಿದ್ಯಾರ್ಥಿ ಎಂಬ ಹೆಸರುಗಳನ್ನು ಬಿಟ್ಟು, ಮಧ್ಯಯುಗದ ಕಸುಬಿನ ಶ್ರೇಣಿಗಳಲ್ಲಿ ರೂಢಿಯಲ್ಲಿದ್ದ ಗುರು, ಪಳಗಿದ ಕಸುಬುದಾರ, ಶಿಷ್ಯ ಎಂಬ ಹೆಸರುಗಳನ್ನು ಇಟ್ಟುಕೊಳ್ಳಲಾಯಿತು. ಒಂದೊಂದು ಕಾರ್ಯಾಗಾರಕ್ಕೂ ಇಬ್ಬರು ಗುರುಗಳು: ಒಬ್ಬನು ರೂಪದ ವಿಷಯವನ್ನು ಬೋಧಿಸುವ ಕಲಾವಿದ, ಇನ್ನೊಬ್ಬನು ಕೈಕೆಲಸವನ್ನು ಕಲಿಸುವ ಕುಶಲಕರ್ಮಿ. ಬರ್ಲಿನ್ನಿನ ಮರದ ವ್ಯಾಪಾರಿಯಾದ ಅಡಾಲ್ಫ್ ಸೊಮ್ಮರ್‌ಫೆಲ್ಡನ ಮನೆಯನ್ನು ಗ್ರೋಪಿಯಸ್ಸನೂ ಅಡಾಲ್ಫ್ ಮೇಯರನೂ 1920–21ರಲ್ಲಿ ಕಟ್ಟಿದಾಗ, ಯೋಸ್ಟ್ ಶ್ಮಿಟ್ ಮರದ ಕೆತ್ತನೆಯನ್ನೂ, ಯೋಸೆಫ್ ಆಲ್ಬರ್ಸ್ ಬಣ್ಣದ ಗಾಜಿನ ಕಿಟಕಿಯನ್ನೂ, ಮಾರ್ಸೆಲ್ ಬ್ರಾಯರ್ ಪೀಠೋಪಕರಣಗಳನ್ನೂ ಮಾಡಿದರು. ಈ ಮೂವರೂ ಆಗ ಶಾಲೆಯಲ್ಲಿ ಕಲಿಯುತ್ತಿದ್ದವರೇ.

ಆದರೆ ಹೊರಗಿನ ಕೆಲಸವನ್ನು ಒಪ್ಪಿಕೊಳ್ಳುವ ವಿಷಯದಲ್ಲಿ ಶಾಲೆಯೊಳಗೆ ಏಕಾಭಿಪ್ರಾಯವಿರಲಿಲ್ಲ. ಪ್ರಾರಂಭಿಕ ತರಗತಿಯನ್ನು ರೂಪಿಸಿದ ಯೋಹಾನೆಸ್ ಇಟ್ಟೆನ್ ವಿದ್ಯಾರ್ಥಿಯ ಅಂತಃಶಕ್ತಿಯ ವಿಕಾಸವೇ ಶಿಕ್ಷಣದ ಗುರಿಯೆಂದು ನಂಬಿದ್ದವನು. ಗಿರಾಕಿಯ ಅವಸರವೂ ಪೇಟೆಯ ರುಚಿಯೂ ಈ ವಿಕಾಸಕ್ಕೆ ಅಡ್ಡಿಯಾಗುವುವೆಂಬುದು ಅವನ ಪಕ್ಷ. ಹೊರಗಿನ ಲೋಕದ ಸಂಪರ್ಕವನ್ನು ಕಡಿದುಕೊಂಡ ಶಾಲೆಯು ದ್ವೀಪವಾಗಿಬಿಡುವುದೆಂಬುದು ಗ್ರೋಪಿಯಸ್ಸನ ಭಯ. ಈ ವಿವಾದವು 1922ರಲ್ಲಿ ತೀವ್ರವಾಗಿ, 1923ರಲ್ಲಿ ಇಟ್ಟೆನ್ ಶಾಲೆಯನ್ನು ಬಿಟ್ಟುಹೋಗುವುದರಲ್ಲಿ ಪರ್ಯವಸಾನವಾಯಿತು. ಕಲೆಯೂ ತಂತ್ರಜ್ಞಾನವೂ ಒಂದಾಗಬೇಕೆಂಬುದು ಅಲ್ಲಿಂದ ಮುಂದೆ ಶಾಲೆಯ ಘೋಷವಾಯಿತು. ಗೆದ್ದದ್ದು ಗ್ರೋಪಿಯಸ್ಸನ ಪಕ್ಷವೆಂಬುದು ನಿಜ. ಆದರೆ ಇಟ್ಟೆನ್ ಎತ್ತಿದ ಆಕ್ಷೇಪವು ಅವನೊಡನೆ ಹೊರಟುಹೋಗಲಿಲ್ಲವೆಂಬುದನ್ನು ಮುಂದೆ ಕಾಣುವೆವು.

2

1923ರ ಆಗಸ್ಟ್ 15ರಿಂದ ಸೆಪ್ಟೆಂಬರ್ 30ರವರೆಗೆ ವೈಮಾರ್‌ನಲ್ಲಿ ಶಾಲೆಯ ದೊಡ್ಡ ಪ್ರದರ್ಶನವೊಂದು ನಡೆಯಿತು. ತಾನು ಕೊಟ್ಟ ಹಣಕ್ಕೆ ಫಲವೇನೆಂಬುದನ್ನು ತೋರಿಸಬೇಕೆಂದು ಥ್ಯುರಿಂಗಿಯಾ ಸರ್ಕಾರವು ಕೇಳಿದುದೇ ಇದಕ್ಕೆ ಮುಖ್ಯ ಕಾರಣ. ಅದೇ ಸಮಯದಲ್ಲಿ ಜರ್ಮನಿಯ ನಾಣ್ಯವು ಪಾತಾಳಕ್ಕೆ ಇಳಿಯುತ್ತಿದ್ದಿತು. ಕೇಂದ್ರ ಬ್ಯಾಂಕಿನ ನೋಟುಗಳು ಸಾಲದೆ ಪ್ರಾಂತಗಳೂ ನಗರಗಳೂ ತಾವೇ ತುರ್ತು ನೋಟುಗಳನ್ನು ಅಚ್ಚುಹಾಕಿಸತೊಡಗಿದ್ದವು. ಥ್ಯುರಿಂಗಿಯಾದ ಸರ್ಕಾರಿ ಬ್ಯಾಂಕಿನ ನೋಟುಗಳನ್ನು ರೂಪಿಸುವ ಕೆಲಸವು ಬೌಹೌಸಿನ ವಿದ್ಯಾರ್ಥಿಯಾಗಿದ್ದ ಹರ್ಬರ್ಟ್ ಬಾಯರನಿಗೆ ಬಂದಿತು. ಅವನು 1900ರಲ್ಲಿ ಆಸ್ಟ್ರಿಯದಲ್ಲಿ ಹುಟ್ಟಿ, 1921ರಲ್ಲಿ ಶಾಲೆಯನ್ನು ಸೇರಿ, ಕಾಂಡಿನ್ಸ್ಕಿಯ ಕೈಕೆಳಗೆ ಭಿತ್ತಿಚಿತ್ರ ವಿಭಾಗದಲ್ಲಿ ಕಲಿಯುತ್ತಿದ್ದವನು.

ಕನ್ನಡದಲ್ಲಿ ಕಮ್ಮಟವೆಂಬ ಮಾತಿಗೆ ಕಾರ್ಯಾಗಾರವೆಂಬ ಅರ್ಥವೂ ನಾಣ್ಯವನ್ನು ಟಂಕಿಸುವ ಸ್ಥಳವೆಂಬ ಅರ್ಥವೂ ಇರುವುದನ್ನು ನಾವು ಬಲ್ಲೆವು. ವೈಮಾರ್‌ನ ಶಾಲೆಯಲ್ಲಿ ಆ ಎರಡು ಅರ್ಥಗಳೂ ಕೆಲವು ದಿನಗಳ ಮಟ್ಟಿಗೆ ಒಂದಾದವೆನ್ನಬಹುದು. ಬಾಯರನು 10 ಲಕ್ಷ, 20 ಲಕ್ಷ ಮಾರ್ಕುಗಳ ನೋಟುಗಳಿಂದ ತೊಡಗಿ ಇನ್ನೂ ಹೆಚ್ಚಿನ ಬೆಲೆಯ ನೋಟುಗಳವರೆಗೆ ವಿನ್ಯಾಸ ಮಾಡಿದನು. ನೋಟೆಂದರೆ ಬಳ್ಳಿ, ಹೂ, ಕಿರೀಟ, ಗಣ್ಯರ ಮುಖ ಇವುಗಳಿಂದ ತುಂಬಿರಬೇಕೆಂಬುದು ಅಂದಿನ ರೂಢಿ. ಈ ನೋಟುಗಳಲ್ಲಾದರೋ ಇದ್ದವು ದಪ್ಪನೆಯ ಅಂಕೆಗಳು, ಅಲಂಕಾರವಿಲ್ಲದ ಅಚ್ಚುಮೊಳೆಗಳು, ನೇರವಾದ ಪಟ್ಟಿಗಳು ಮಾತ್ರ. ಇದನ್ನು ಕೇವಲ ರುಚಿಯ ಪ್ರಶ್ನೆಯೆಂದು ಭಾವಿಸಲಾಗದು. ಬೆಲೆಗಳು ದಿನದಿಂದ ದಿನಕ್ಕೆ ಬದಲಾಗುತ್ತಿರುವಾಗ ನಯವಾದ ಕೆತ್ತನೆಗೆ ಕಾಲಾವಕಾಶವಿರಲಿಲ್ಲ. ಅಚ್ಚುಕೂಟದಲ್ಲಿ ಸಿದ್ಧವಾಗಿ ದೊರೆಯುವ ಮೊಳೆಗಳಿಂದಲೇ ಬೇಗ ಜೋಡಿಸಬಹುದಾದ, ಅಂಕೆಯು ಒಂದೇ ನೋಟಕ್ಕೆ ತಿಳಿಯುವಂತಹ ರೂಪವು ಬೇಕಾಗಿದ್ದಿತು. ಆ ನವೆಂಬರಿನಲ್ಲಿ ಒಂದು ಡಾಲರಿನ ಬೆಲೆ 4.2 ಲಕ್ಷ ಕೋಟಿ ಮಾರ್ಕುಗಳಿಗೆ ಏರಿತೆಂಬುದನ್ನು ನೆನೆದರೆ, ಈ ನೋಟುಗಳ ಆಯುಷ್ಯವು ಎಷ್ಟು ಅಲ್ಪವಾಗಿದ್ದಿತೆಂಬುದು ಸ್ಪಷ್ಟವಾಗುವುದು.

ಈ ಪ್ರಸಂಗದಿಂದ ಎರಡು ವಿಷಯಗಳು ತಿಳಿಯುತ್ತವೆ. ಮೊದಲನೆಯದು, ಅನಂತರದ ಆಧುನಿಕ ಮುದ್ರಣವಿನ್ಯಾಸದ ಲಕ್ಷಣಗಳೆಂದು ಎಣಿಸಲ್ಪಟ್ಟ ಸರಳತೆ, ಸ್ಪಷ್ಟತೆಗಳನ್ನು ಇಲ್ಲಿ ಸಿದ್ಧಾಂತವೊಂದೇ ರೂಪಿಸಲಿಲ್ಲ. ಗಿರಾಕಿಯ ಒತ್ತಾಯವೂ ಅದಕ್ಕೆ ಕಾರಣವಾಯಿತು. ತರಗತಿಯ ಅಭ್ಯಾಸದಲ್ಲಿ ಈ ಒತ್ತಾಯವನ್ನು ಕಲ್ಪಿಸಿಕೊಳ್ಳಬಹುದು, ಅನುಭವಿಸಲು ಬಾರದು. ಎರಡನೆಯದು, ಬಾಯರನು ಏನೂ ಅರಿಯದ ಹೊಸಬನಾಗಿರಲಿಲ್ಲ. ವೈಮಾರ್‌ಗೆ ಬರುವ ಮುನ್ನವೇ ಅವನು ಲಿಂಟ್ಸ್ ಮತ್ತು ಡಾರ್ಮ್‌ಸ್ಟಾಟ್ ನಗರಗಳಲ್ಲಿ ವಾಸ್ತುಶಿಲ್ಪಿಗಳ ಬಳಿ ದುಡಿದಿದ್ದನು. ಆದುದರಿಂದ ವಿದ್ಯಾರ್ಥಿಯಾದ ಯಾರಿಗೇ ಆಗಲಿ ಇಂತಹ ಕೆಲಸವನ್ನು ಒಪ್ಪಿಸಬಹುದೆಂದು ಈ ಉದಾಹರಣೆಯಿಂದ ವಾದಿಸುವುದು ಸರಿಯಾಗಲಾರದು.

ಕೆಲಸ ಮಾಡಿಸಿಕೊಂಡವರು ಶಾಲೆಗೆ ಆಸರೆಯಾಗಿ ನಿಂತರೇ ಎಂದರೆ ಅದೂ ಇಲ್ಲ. 1924ರ ಫೆಬ್ರವರಿಯ ಚುನಾವಣೆಯಲ್ಲಿ ಥ್ಯುರಿಂಗಿಯಾದ ಅಧಿಕಾರವು ಬಲಪಂಥದವರ ಕೈಸೇರಿತು. ಶಾಲೆಯ ವಾರ್ಷಿಕ ಅನುದಾನವು ಅರ್ಧಕ್ಕೆ ಇಳಿಯಿತು. 1925ರಲ್ಲಿ ಬೌಹೌಸ್ ವೈಮಾರನ್ನು ತೊರೆದು ಡೆಸ್ಸೌ ನಗರಕ್ಕೆ ಹೋಗಬೇಕಾಯಿತು.

3

ಡೆಸ್ಸೌನಲ್ಲಿ ಬಾಯರನು ಗುರುಸ್ಥಾನಕ್ಕೆ ಏರಿ, 1925ರಿಂದ 1928ರವರೆಗೆ ಮುದ್ರಣ ಮತ್ತು ಜಾಹೀರಾತು ಕಾರ್ಯಾಗಾರವನ್ನು ನಡಸಿದನು. ವಿದ್ಯಾರ್ಥಿಗಳು ತಾವೇ ಮೊಳೆಗಳನ್ನು ಜೋಡಿಸಿ, ತಾವೇ ಯಂತ್ರದ ಮೇಲೆ ಅಚ್ಚು ತೆಗೆದು, ಶಾಲೆಯ ಪತ್ರದ ಹಾಳೆಗಳನ್ನೂ ಪಟ್ಟಿಗಳನ್ನೂ ಹೊರಗಿನವರ ಕೆಲಸಗಳನ್ನೂ ಸಿದ್ಧಪಡಿಸುತ್ತಿದ್ದರು. ಅವನ ತರುವಾಯ, ಸೊಮ್ಮರ್‌ಫೆಲ್ಡನ ಮನೆಯಲ್ಲಿ ಮರ ಕೆತ್ತಿದ್ದ ಯೋಸ್ಟ್ ಶ್ಮಿಟ್ ಈ ಕಾರ್ಯಾಗಾರದ ಮುಖ್ಯಸ್ಥನಾದನು. ಹೊರಗಿನ ಕೆಲಸದಿಂದ ಕಲಿತವರೇ ಗುರುಗಳಾಗಿ ನಿಂತರೆಂಬುದು ಈ ಪದ್ಧತಿಯ ಪರವಾಗಿ ಹೇಳಬಹುದಾದ ಬಲವಾದ ಮಾತು.

ಶಾಲೆಯ ಅತ್ಯಂತ ಲಾಭದಾಯಕವಾದ ಉದ್ಯಮವು ಹಾನೆಸ್ ಮೇಯರನು ನಿರ್ದೇಶಕನಾಗಿದ್ದ ಕಾಲದಲ್ಲಿ ನಡೆಯಿತು. ಗೋಡೆಗೆ ಅಂಟಿಸುವ ಕಾಗದವನ್ನು ತಯಾರಿಸುತ್ತಿದ್ದ ರಾಶ್ ಎಂಬ ಸಂಸ್ಥೆಯೊಡನೆ ಒಪ್ಪಂದವಾಗಿ, 1929ರಲ್ಲಿ ಮಾದರಿಗಳಿಗಾಗಿ ವಿದ್ಯಾರ್ಥಿಗಳಲ್ಲಿಯೇ ಸ್ಪರ್ಧೆಯನ್ನು ಏರ್ಪಡಿಸಲಾಯಿತು. ಆ ಮನೆತನದ ಮಗಳಾದ ಮಾರಿಯಾ ರಾಶ್ ಹಿಂದೆ ಇದೇ ಶಾಲೆಯಲ್ಲಿ ಕಲಿತವಳಾದುದರಿಂದ ಈ ಸಂಬಂಧವು ಸುಲಭವಾಯಿತು. ದೊಡ್ಡ ಹೂಗಳ ಬದಲು ಸಣ್ಣ ಗೆರೆ, ಸಣ್ಣ ನೇಯ್ಗೆಗಳಂತಹ ಮಾದರಿಗಳು ಆಯ್ಕೆಯಾದವು. ಇವು ಚಿಕ್ಕ ಮನೆಗಳಿಗೆ ಒಪ್ಪುವಂಥವು. ಅಂಟಿಸುವಾಗ ಕಾಗದವೂ ಹೆಚ್ಚು ಹಾಳಾಗದು. ಅವುಗಳ ಜಾಹೀರಾತಿನ ಕೆಲಸವೂ ಶಾಲೆಯ ಕಾರ್ಯಾಗಾರಕ್ಕೇ ಬಂದಿತು. ಮಾಲು ಚೆನ್ನಾಗಿ ಮಾರಾಟವಾಯಿತು. ಆದರೆ ಅದು ಮಾರಾಟವಾದದ್ದು ಬೌಹೌಸ್ ಎಂಬ ಹೆಸರಿನಿಂದ. ಮಾದರಿಗಳನ್ನು ರಚಿಸಿದ ವಿದ್ಯಾರ್ಥಿಗಳ ಹೆಸರುಗಳಿಂದಲ್ಲ. 1933ರಲ್ಲಿ ಶಾಲೆಯು ಮುಚ್ಚಿಹೋದ ಮೇಲೂ ಆ ಕಾಗದವು ಅದೇ ಹೆಸರಿನಿಂದ ಪೇಟೆಯಲ್ಲಿ ಉಳಿಯಿತು.

ಇಟ್ಟೆನ್‌ನ ಆಕ್ಷೇಪವು ಇಲ್ಲಿ ಬೇರೆ ರೂಪದಲ್ಲಿ ತಲೆಯೆತ್ತುವುದನ್ನು ಗಮನಿಸಬೇಕು. ಗಿರಾಕಿಯು ವಿದ್ಯಾರ್ಥಿಯ ಅಂತಃಶಕ್ತಿಯನ್ನು ಕುಂದಿಸುವನೆಂದು ಅವನು ಭಯಪಟ್ಟನು. ಶಕ್ತಿಯೇನೋ ಕುಂದಲಿಲ್ಲ; ಆದರೆ ಆ ಶಕ್ತಿಯ ಫಲವು ಯಾರದೆಂಬ ಪ್ರಶ್ನೆಯು ಉತ್ತರವಿಲ್ಲದೆ ಉಳಿಯಿತು.

4

ಎರಡನೆಯ ಮಹಾಯುದ್ಧದ ತರುವಾಯ ಈ ಪರಂಪರೆಯು ದಕ್ಷಿಣ ಜರ್ಮನಿಯ ಉಲ್ಮ್ ನಗರದಲ್ಲಿ ಮುಂದುವರಿಯಿತು. ನಾಟ್ಸಿ ಆಡಳಿತವನ್ನು ವಿರೋಧಿಸಿ 1943ರಲ್ಲಿ ಪ್ರಾಣತೆತ್ತ ಹಾನ್ಸ್ ಮತ್ತು ಸೋಫೀ ಶೋಲ್ ಎಂಬ ಒಡಹುಟ್ಟಿದವರ ನೆನಪಿಗಾಗಿ, ಅವರ ಅಕ್ಕ ಇಂಗೆ ಶೋಲ್, ಓಟ್ಲ್ ಐಷರ್, ಮಾಕ್ಸ್ ಬಿಲ್ ಈ ಮೂವರೂ ಸೇರಿ 1953ರಲ್ಲಿ ಅಲ್ಲಿ ವಿನ್ಯಾಸದ ಉನ್ನತ ಶಾಲೆಯನ್ನು ತೆರೆದರು. ಈ ಶಾಲೆಯು ಹೊರಗಿನ ಕೆಲಸಗಳಿಗೆಂದೇ ಅಭಿವೃದ್ಧಿ ತಂಡಗಳೆಂಬ ಪ್ರತ್ಯೇಕ ವ್ಯವಸ್ಥೆಯನ್ನು ಮಾಡಿತು. ಐಷರನ ಐದನೆಯ ತಂಡವು 1962ರಲ್ಲಿ ಲುಫ್ಟ್‌ಹಾನ್ಸಾ ವಿಮಾನಸಂಸ್ಥೆಯ ಸಮಗ್ರ ರೂಪವನ್ನು ಪರಿಶೀಲಿಸಿತು. 1918ರಲ್ಲಿ ಓಟ್ಟೋ ಫಿರ್ಲೆ ರಚಿಸಿದ್ದ ಹಾರುವ ಕೊಕ್ಕರೆಯ ಚಿಹ್ನೆಯನ್ನು ಉಳಿಸಿಕೊಂಡು ಅದನ್ನು ವೃತ್ತದೊಳಗೆ ಇರಿಸಿ, ಅಕ್ಷರ, ಬಣ್ಣ, ಅಳತೆಗಳಿಗೆಲ್ಲ ಒಂದೇ ನಿಯಮವನ್ನು ವಿಧಿಸಿತು. ಪಾಠವನ್ನೂ ಸಂಪಾದನೆಯನ್ನೂ ಬೇರ್ಪಡಿಸಿದ ಈ ಕ್ರಮದಿಂದ ತರಗತಿಯು ಗಿರಾಕಿಯ ಅವಸರಕ್ಕೆ ಸಿಕ್ಕದಂತಾಯಿತು. ಆದರೂ ಶಾಲೆಗೆ ಆರ್ಥಿಕ ಭದ್ರತೆಯು ದೊರೆಯಲಿಲ್ಲ. ಒಳಜಗಳಗಳ ನಡುವೆ ಸರ್ಕಾರದ ಸಹಾಯಧನವೂ ನಿಂತು, 1968ರಲ್ಲಿ ಅದು ಮುಚ್ಚಿತು.

ಉಲ್ಮ್‌ನ ಅನುಭವವು ಅಷ್ಟರಲ್ಲಿಯೇ ಭಾರತವನ್ನು ಮುಟ್ಟಿದ್ದಿತು. ಭಾರತ ಸರ್ಕಾರದ ಆಹ್ವಾನದ ಮೇರೆಗೆ ದೇಶವನ್ನು ಸುತ್ತಿದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ನಮ್ಮ ಮನೆಮನೆಯ ಚೊಂಬಿನ ರೂಪವನ್ನು ಅವರು ಅದರಲ್ಲಿ ಕೊಂಡಾಡಿರುವುದು ಪ್ರಸಿದ್ಧವಾಗಿದೆ. ವಿನ್ಯಾಸ, ಸಂಶೋಧನೆ, ಸೇವೆ ಈ ಮೂರನ್ನೂ ಒಟ್ಟಿಗೆ ನಡಸುವ ಸಂಸ್ಥೆಯೊಂದು ಬೇಕೆಂದು ಆ ವರದಿಯು ಸೂಚಿಸಿತು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಹುಟ್ಟಿತು. ಗೌತಮ್ ಮತ್ತು ಗೀರಾ ಸಾರಾಭಾಯಿ ಅದನ್ನು ಬೆಳಸಿದರು. ಉಲ್ಮ್‌ನ ಅಧ್ಯಾಪಕ ಹಾನ್ಸ್ ಗುಗೆಲೋಟ್ 1965ರಲ್ಲಿ ಅಲ್ಲಿಗೆ ಬಂದು ಪಾಠಕ್ರಮವನ್ನು ರೂಪಿಸುವುದರಲ್ಲಿ ನೆರವಾದನು. ಇದೇ ಸಂಸ್ಥೆಯ ಇನ್ನೊಂದು ಆವರಣವು 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು.

ಸೇವೆಯೆಂಬ ಮಾತು ಈ ಸಂಸ್ಥೆಯಲ್ಲಿ ಬರಿಯ ಮಾತಾಗಿ ಉಳಿಯಲಿಲ್ಲ. 1971ರಲ್ಲಿ ಬಳಕೆಗೆ ಬಂದ ಭಾರತೀಯ ಸ್ಟೇಟ್ ಬ್ಯಾಂಕಿನ ಚಿಹ್ನೆಯನ್ನು ಅಲ್ಲಿನ ಶೇಖರ್ ಕಾಮತ್ ರಚಿಸಿದರು. ಅದೇ ದಶಕದಲ್ಲಿ ದೂರದರ್ಶನಕ್ಕೆ ಚಿಹ್ನೆಯೊಂದು ಬೇಕಾದಾಗ ಆ ಕೆಲಸವು ತರಗತಿಯ ವಿದ್ಯಾರ್ಥಿಗಳ ಮುಂದೆ ಬಂದಿತು. ದೇವಾಶಿಷ್ ಭಟ್ಟಾಚಾರ್ಯ ಎಂಬ ವಿದ್ಯಾರ್ಥಿಯು ಬಾಗಿದ ಎರಡು ರೇಖೆಗಳ ನಡುವೆ ವೃತ್ತವೊಂದನ್ನು ಇಟ್ಟು, ಕಣ್ಣನ್ನು ಹೋಲುವ ರೂಪವನ್ನು ಬರೆದನು. ಆಗಿನ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನೇ ಆಯ್ದರು. 1976ರ ಏಪ್ರಿಲ್ 1ರಂದು ಆಕಾಶವಾಣಿಯಿಂದ ಬೇರೆಯಾದ ದೂರದರ್ಶನವು ಆ ಕಣ್ಣನ್ನು ನಾಡಿನ ಮನೆಮನೆಗೂ ತಲಪಿಸಿತು. ಸಂಜೆ ಸಂಜೆಯೂ ಆ ಚಿಹ್ನೆಯು ತಿರುಗಿ ತಿರುಗಿ ನಿಲ್ಲುವುದನ್ನು ಎವೆಯಿಕ್ಕದೆ ನೋಡಿದ ಲಕ್ಷಾಂತರ ಮಂದಿಯಲ್ಲಿ, ಅದು ಒಬ್ಬ ವಿದ್ಯಾರ್ಥಿಯ ಅಭ್ಯಾಸದ ಹಾಳೆಯಿಂದ ಬಂದುದೆಂದು ತಿಳಿದವರು ವಿರಳ.

5

ಈ ಮೂರು ಸಂಸ್ಥೆಗಳ ಇತಿಹಾಸವನ್ನು ಒಟ್ಟಾಗಿ ನೋಡಿದಾಗ ಕೆಲವು ನಿರ್ಣಯಗಳಿಗೆ ಬರಬಹುದು. ಗಿರಾಕಿಯ ಕೆಲಸವು ವಿದ್ಯಾರ್ಥಿಗೆ ಮಿತಿಯನ್ನೂ ಗಡುವನ್ನೂ ಹೊಣೆಯನ್ನೂ ಕಲಿಸುತ್ತದೆ. ಈ ಮೂರನ್ನೂ ಪುಸ್ತಕದಿಂದ ಕಲಿಯುವಂತಿಲ್ಲ. ಆದರೆ ಅದು ಶಾಲೆಯ ಬೊಕ್ಕಸವನ್ನು ತುಂಬಿಸುವುದೆಂಬ ಆಸೆಗೆ ಇತಿಹಾಸದ ಬೆಂಬಲವಿಲ್ಲ. ಚೆನ್ನಾಗಿ ಸಂಪಾದಿಸಿದ ಶಾಲೆಗಳೂ ಮುಚ್ಚಿಹೋದವು. ಆದುದರಿಂದ ಕೆಲಸವನ್ನು ಆರಿಸಿಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯು ಅದರಿಂದ ಎಷ್ಟು ಹಣ ಬರುವುದೆಂಬುದಲ್ಲ, ಯಾವ ಪಾಠ ಬರುವುದೆಂಬುದು.

ಉಳಿದದ್ದು ಹೆಸರಿನ ಪ್ರಶ್ನೆ. ಈಮ್ಸ್ ದಂಪತಿಗಳ ವರದಿಯು ಆರಂಭವಾಗುವುದು ಭಗವದ್ಗೀತೆಯ ಕರ್ಮಫಲದ ಮಾತಿನಿಂದ. ಫಲದಲ್ಲಿ ಆಸೆಯಿಡದೆ ಕೆಲಸ ಮಾಡಬೇಕೆಂಬುದು ಮಾಡುವವನಿಗೆ ಹೇಳಿದ ಉಪದೇಶ. ಮಾಡಿಸಿಕೊಂಡವರು ಅವನ ಹೆಸರನ್ನು ಮರೆಯಬಹುದೆಂದು ಅದಕ್ಕೆ ಅರ್ಥವಲ್ಲ. ನಮ್ಮ ನಾಡಿನ ಹೊಯ್ಸಳ ದೇವಾಲಯಗಳಲ್ಲಿ ಶಿಲ್ಪಿಗಳು ತಮ್ಮ ವಿಗ್ರಹಗಳ ಪೀಠದ ಮೇಲೆ ಹೆಸರನ್ನು ಕೆತ್ತಿದರು. ಮಾಡಿಸಿದ ಅರಸರು ಅದನ್ನು ಅಳಿಸಲಿಲ್ಲ. ಎಂತಲೇ ದಾಸೋಜ, ಮಲ್ಲಿತಮ್ಮ ಮೊದಲಾದ ಹೆಸರುಗಳನ್ನು ನಾವಿಂದು ಓದಬಲ್ಲೆವು. ವಿದ್ಯಾರ್ಥಿಗಳಿಂದ ಹೊರಗಿನ ಕೆಲಸವನ್ನು ಮಾಡಿಸುವ ಕಾಲೇಜುಗಳು ಕಡೆಯಪಕ್ಷ ಅಷ್ಟು ಜಾಗವನ್ನಾದರೂ ಅವರಿಗೆ ಬಿಟ್ಟುಕೊಡಬೇಕಾದುದು ನ್ಯಾಯ.