ಭತ್ತ ಹೊತ್ತ ಗಾಡಿಯೇ ಪಂದ್ಯಕ್ಕೂ

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಯಾವ ಮೋಟಾರ್ ಸೈಕಲ್ ಬಂದರೂ ಜನ ಅದನ್ನು ಜಾವಾ ಎಂದೇ ಕರೆಯುತ್ತಿದ್ದ ಕಾಲವೊಂದಿತ್ತು. ಟ್ಯಾಂಕಿನ ಮೇಲೆ ಯೆಜ್ಡಿ ಎಂದು ಬರೆದಿದ್ದರೂ ಅದು ಜಾವಾನೇ. ಹಾಲಿನ ಕ್ಯಾನು, ಭತ್ತದ ಮೂಟೆ, ಬಾಣಂತನಕ್ಕೆ ಹೊರಟ ಮಗಳು, ಜೊತೆಗೆ ಅವಳ ಟ್ರಂಕು, ಎಲ್ಲವನ್ನೂ ಹೊತ್ತ ಗಾಡಿ ಅದು. 1984ರಲ್ಲಿ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದ ಮೇಲೆ ಹೊಗೆಸೊಪ್ಪು ಬೆಳೆಯುವವರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತು. ಬ್ಯಾರನ್ನಿನ ಪಕ್ಕದಲ್ಲಿ ಇಂಥ ಒಂದು ಗಾಡಿ ನಿಲ್ಲುವುದು ನಮ್ಮ ಕಡೆಯ ಸ್ಥಿತಿವಂತರ ಲಕ್ಷಣವಾಯಿತು.

ಇದೇ ಗಾಡಿ ಮದರಾಸಿನ ಶೋಳಾವರಂ ಎಂಬಲ್ಲಿ ಓಟದ ಪಂದ್ಯಕ್ಕೂ ಹೋಗುತ್ತಿತ್ತು ಎಂದರೆ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ನಂಬುತ್ತಾರೋ! ನಾನು ನಂಬಲೇಬೇಕು. ಆ ತಯಾರಿಯ ಒಂದು ಭಾಗ ಕೃಷ್ಣರಾಜನಗರದ ನಮ್ಮ ಸೋದರಮಾವನ ಮನೆಯ ಹಿತ್ತಲಲ್ಲೇ ನಡೆಯುತ್ತಿತ್ತು.

ಮೊದಲು ಕಾರ್ಖಾನೆಯ ಕಥೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಗಾಡಿ ತಯಾರಿಸಲು ಶುರು ಮಾಡಿದ್ದು 1961ರಲ್ಲಿ. ಜಾವಾ ಎಂಬುದು ಚೆಕೊಸ್ಲೊವಾಕಿಯಾದ ಕಂಪನಿ. ಅವರ ಪರವಾನಗಿ ಪಡೆದು ಇಲ್ಲಿ ನಡೆಸಿದವರು ಇರಾನಿ ಮನೆತನದವರು. ಉದ್ಘಾಟನೆ ಮಾಡಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಗೇರ್ ಕಡ್ಡಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಇಂಥ ವಿಚಿತ್ರಗಳೆಲ್ಲ ಆ ಗಾಡಿಯಲ್ಲಿದ್ದವು.

ಶೋಳಾವರಂ ಇರುವುದು ಮದರಾಸಿನ ಉತ್ತರಕ್ಕೆ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗಾಗಿ ಮಾಡಿದ ಓಡುದಾರಿ. ಯುದ್ಧ ಮುಗಿಯಿತು, ವಿಮಾನ ಹೋಯಿತು, ಉದ್ದನೆಯ ನೆಲ ಉಳಿಯಿತು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಕೂಡ ಹೀಗೇ ಹಳೆಯ ವಿಮಾನ ನಿಲ್ದಾಣ. ಅಲ್ಲಿ 1948ರಲ್ಲೇ ದೊಡ್ಡ ಕಾರು ಪಂದ್ಯ ನಡೆದಿತ್ತು. ನಮ್ಮಲ್ಲಿ 1953ರಲ್ಲಿ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿತು. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಟ್ರ್ಯಾಕ್ ಬರುವವರೆಗೂ ಶೋಳಾವರವೇ ಕುರುಕ್ಷೇತ್ರ. ಸಿರಿವಂತರು ಹೊರದೇಶದಿಂದ ತರಿಸಿದ ಕಾರುಗಳು ಓಡುತ್ತಿದ್ದ ನೆಲದಲ್ಲೇ ಸಂಸಾರಸ್ಥರ ಫಿಯೆಟ್ಟೂ, ನಮ್ಮ ಜಾವಾವೂ ತಮ್ಮ ತಮ್ಮ ವರ್ಗದಲ್ಲಿ ಓಡಿದವು. ಆಗ ಈ ದೇಶದಲ್ಲಿ ಅಂಗಡಿಗೆ ಹೋಗಿ ಕೊಳ್ಳುವಂಥ ಸ್ಪೋರ್ಟ್ಸ್ ಕಾರು ಎಲ್ಲಿತ್ತು? ಮನೆಯಲ್ಲಿದ್ದದ್ದನ್ನೇ ಹದಮಾಡಿಕೊಳ್ಳಬೇಕಿತ್ತು.

ನಮ್ಮ ಮಾವ ಕಾರ್ಖಾನೆಯ ಕೆಲಸಗಾರ. ದಿನಾ ಬೆಳಿಗ್ಗೆ ಅರಸೀಕೆರೆ ಕಡೆಯಿಂದ ಬರುವ ರೈಲು ಹತ್ತಿ ಮೈಸೂರಿಗೆ ಹೋಗಿ ಸಂಜೆ ಮರಳುವರು. ಭಾನುವಾರ ಮಾತ್ರ ಹಿತ್ತಲಲ್ಲಿ ಗೋಣಿತಾಟು ಹಾಸಿ ಯಾರದಾದರೂ ಗಾಡಿಯನ್ನು ಬಿಚ್ಚಿ ಹರಡುವರು. ಎಂಬತ್ತರ ದಶಕದ ಮೊದಲ ವರ್ಷಗಳು. ರಜೆಗೆ ಹೋದ ನಾನು ಪಕ್ಕದಲ್ಲಿ ಕುಳಿತು ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಕೊಡುತ್ತಿದ್ದೆ. ಪಂದ್ಯದ ಗಾಡಿಗೆ ಏನೇನು ಹೊಸದಾಗಿ ಹಾಕುತ್ತೀರಿ ಮಾವ ಎಂದು ಕೇಳಿದರೆ, "ಹಾಕೋದು ಏನೂ ಇಲ್ಲ ಕಣವ್ವ, ಬಿಚ್ಚೋದೇ ದೊಡ್ಡ ಕೆಲಸ. ಯಾವುದನ್ನ ಬಿಚ್ಚಬಾರದು ಅಂತ ಗೊತ್ತಿರೋದು ಅದಕ್ಕಿಂತ ದೊಡ್ಡ ಕೆಲಸ" ಎನ್ನುತ್ತಿದ್ದರು.

ಕ್ಯಾರಿಯರ್, ಹಿಂದಿನವರ ಕಾಲುಪಟ್ಟಿ, ಹಾರನ್ನು, ಕನ್ನಡಿ ಮೊದಲು ಕಳಚಬೇಕು. ದೀಪದ ಗಾಜನ್ನು ತೆಗೆಯಬೇಕು, ಇಲ್ಲವೇ ಟೇಪು ಸುತ್ತಬೇಕು. ಬಿದ್ದರೆ ಗಾಜಿನ ಚೂರು ಹಿಂದೆ ಬರುವವನ ಚಕ್ರಕ್ಕೆ. ಎಣ್ಣೆ ಇಳಿಸುವ ಬೋಲ್ಟಿಗೆ ತೂತು ಕೊರೆದು ತಂತಿಯಲ್ಲಿ ಬಿಗಿಯಬೇಕು. ಅದು ಸಡಿಲವಾಗಿ ನೆಲಕ್ಕೆ ಎಣ್ಣೆ ಚೆಲ್ಲಿದರೆ ಹತ್ತು ಜನ ಜಾರುತ್ತಾರೆ. ಸೈಲೆನ್ಸರಿನ ಒಳಕೊಳವೆಯಲ್ಲಿ ಮಸಿ ಕಟ್ಟಿರುತ್ತಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಗಾಡಿಗಳ ಹಣೆಬರಹವೇ ಅದು. ಆ ಕೊಳವೆಯನ್ನು ಅತ್ತೆಯ ಬಚ್ಚಲ ಒಲೆಗೆ ತಳ್ಳಿ ಮಸಿ ಸುಡುತ್ತಿದ್ದರು. ಆ ದಿನ ಸ್ನಾನದ ನೀರಿಗೂ ಹೊಗೆವಾಸನೆ, ಅತ್ತೆಯ ಬಾಯಿಗೂ ಬಿಡುವಿಲ್ಲ.

ಆಮೇಲೆ ಎಂಜಿನ್ನು. ಈ ಜಾತಿಯ ಎಂಜಿನ್ನಿಗೆ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಆಡುತ್ತ ಅವನ್ನು ಮುಚ್ಚಿ ತೆರೆಯುತ್ತದೆ. ಹೊಗೆ ಹೋಗುವ ಕಿಂಡಿಯ ಮೇಲಂಚನ್ನು ಅರದಿಂದ ಒಂದಿಷ್ಟೇ ಉಜ್ಜಿದರೆ ಅದು ಬೇಗ ತೆರೆದು, ಗಾಡಿ ಜೋರಾಗಿ ಓಡುವಾಗ ಇನ್ನಷ್ಟು ಶಕ್ತಿ ಕೊಡುತ್ತದೆ. ಆದರೆ ನಿಧಾನದ ಓಟದಲ್ಲಿ ಶಕ್ತಿ ಕುಸಿಯುತ್ತದೆ. ಹಾಗೆ ಉಜ್ಜಿದ ಗಾಡಿ ಭತ್ತದ ಮೂಟೆ ಹೊತ್ತು ಏರಿ ಹತ್ತಲಾರದು. ಸಿಲಿಂಡರಿನ ತಲೆಯನ್ನು ಲೇತಿಗೆ ಕೊಟ್ಟು ಕೂದಲೆಳೆಯಷ್ಟು ತೆಗೆಸಿದರೆ ಒತ್ತಡ ಹೆಚ್ಚುತ್ತದೆ; ಅತಿ ಆಸೆ ಮಾಡಿದರೆ ಕಾವು ಮೀರಿ ಪಿಸ್ಟನ್ನಿಗೇ ತೂತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡುವ ಪರೀಕ್ಷೆ. ಗಾಡಿಯನ್ನು ಜೋರಾಗಿ ಓಡಿಸಿ, ಥಟ್ಟನೆ ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡುವರು. ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಅದು ಅಪಾಯ. ಹದವಾಗಿ ಹುರಿದ ಕಾಫಿಬೀಜದ ಬಣ್ಣವಿದ್ದರೆ ಸರಿ. ಹುರಿಯುವ ಹದ ಗೊತ್ತಿರುವ ನಮ್ಮ ಅತ್ತೆ ದೂರದಿಂದಲೇ ನೋಡಿ, "ಇನ್ನೂ ಹಸಿ" ಎಂದು ತೀರ್ಪು ಕೊಟ್ಟದ್ದೂ ಉಂಟು. ಅದು ಸರಿಯಾಗಿಯೇ ಇರುತ್ತಿತ್ತು.

ಕೊನೆಗೆ ಬ್ರೇಕು. ಮಾವನ ಅರ್ಧ ದಿನ ಇದಕ್ಕೇ ಮೀಸಲು. ವೇಗ ಹೆಚ್ಚಿಸುವುದಕ್ಕೆ ಅವರು ಇಷ್ಟು ಹೊತ್ತು ಕೊಟ್ಟದ್ದನ್ನು ನಾನು ನೋಡಿಲ್ಲ.

ಇಂಥ ಹಿತ್ತಲ ವಿದ್ಯೆಯ ಬಹುಪಾಲನ್ನು ಯಾರೂ ಬರೆದಿಡಲಿಲ್ಲ. ದಾಖಲೆಗೆ ಬಂದದ್ದು ಎಲ್ಲೋ ಒಂದೆರಡು. ಮೈಸೂರಿನಲ್ಲೇ ಇದ್ದ ಸೋಮೇಂದರ್ ಸಿಂಗ್ ಎಂಬವರು ತಾವೂ ಪಂದ್ಯಗಳಲ್ಲಿ ಓಡಿಸಿದವರು, ಎಂಜಿನ್ನುಗಳನ್ನು ಹದಮಾಡಿದವರು. ಸಿಲಿಂಡರಿನ ತಲೆಯ ಒಳಮೈಯಲ್ಲಿ ಸಣ್ಣ ಗೀರುಗಳನ್ನು ಕೊರೆದರೆ ಪೆಟ್ರೋಲು ಗಾಳಿಯಲ್ಲಿ ಚೆನ್ನಾಗಿ ಕಲಸಿಕೊಂಡು ಪೂರ್ತಿ ಉರಿಯುತ್ತದೆ ಎಂಬುದು ಅವರ ವಾದ. 2001ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು, 2004ರಲ್ಲಿ ಅಲ್ಲಿನ ವಿಜ್ಞಾನ ಪತ್ರಿಕೆಯೊಂದು ಅವರ ಬಗ್ಗೆ ದೊಡ್ಡ ಲೇಖನ ಪ್ರಕಟಿಸಿತು. ದೊಡ್ಡ ಕಂಪನಿಗಳು ಮಾತ್ರ ಕೈಚಾಚಲಿಲ್ಲ. ಆ ಗೀರುಗಳ ಗುಣವನ್ನು ತೂಗುವಷ್ಟು ವಿಜ್ಞಾನ ನನಗಿಲ್ಲ, ನಾನು ಸಮಾಜಶಾಸ್ತ್ರದ ಮೇಷ್ಟ್ರು. ಆದರೆ ಅರ ಹಿಡಿದ ಕೈಗೂ ಒಂದು ತಲೆ ಇರುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಇಂಥ ಸಾಕ್ಷಿಯಿದೆ ಎಂದು ಮಕ್ಕಳಿಗೆ ಹೇಳುತ್ತಿರುತ್ತೇನೆ.

ಹೇಳಲೇಬೇಕಾದ ಕಾರಣವೂ ಇದೆ. ಎಚ್.ಡಿ. ಕೋಟೆಯ ಕಡೆ ನಾನು ಕೆಲಸ ಮಾಡುತ್ತಿದ್ದಾಗ ನನ್ನ ತರಗತಿಯ ಹುಡುಗನೊಬ್ಬ ಅಣ್ಣನ ಗಾಡಿಯನ್ನು "ರೇಸ್ ಗಾಡಿ" ಮಾಡಿಸಿದ. ಸೈಲೆನ್ಸರಿನ ಒಳಕೊಳವೆ ಕಿತ್ತೆಸೆದರು, ಮಡ್‌ಗಾರ್ಡ್ ತೆಗೆದರು, ಅಂದಕ್ಕೆಂದು ಮುಂದಿನ ಬ್ರೇಕನ್ನೂ ಬಿಚ್ಚಿದರು. ಸದ್ದು ಮೂರು ಬೀದಿಗೆ ಕೇಳಿಸುತ್ತಿತ್ತು. ಹುಣಸೂರು ರಸ್ತೆಯಲ್ಲಿ ಎದುರಿಗೆ ಎತ್ತಿನಗಾಡಿ ಬಂದಾಗ ನಿಲ್ಲಿಸಲಾಗಲಿಲ್ಲ. ಪ್ರಾಣ ಉಳಿಯಿತು, ಎಡಗಾಲು ಮೊದಲಿನಂತಾಗಲಿಲ್ಲ. ಪರೀಕ್ಷೆಯ ದಿನ ಅವನನ್ನು ಇಬ್ಬರು ಎತ್ತಿ ತಂದು ಬೆಂಚಿನಲ್ಲಿ ಕೂರಿಸಿದರು. ಮಾವನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಆ ಕೊಳವೆ ಕಿತ್ತರೆ ಶಕ್ತಿ ಹೆಚ್ಚುವುದೂ ಇಲ್ಲ ಎಂದರು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರಿನಿಂದ ಹಿಂದಿರುಗುವ ಒತ್ತಡವೇ ಹೊಸ ಪೆಟ್ರೋಲನ್ನು ಹೊರಗೆ ಸೋರದಂತೆ ಒಳಕ್ಕೆ ತಳ್ಳುತ್ತದಂತೆ. ಆ ಹುಡುಗರು ಕೊಂಡದ್ದು ಬರೀ ಸದ್ದು.

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಅಣ್ಣನ ಮಗ ಈಗ ತನ್ನ ಕಾರನ್ನು ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಒಯ್ಯುತ್ತಾನೆ. ಮಾರುತಿ 800ರ ಎಂಜಿನ್ ಬಳಸಿ ಅಗ್ಗದ ಪಂದ್ಯದ ಕಾರು ಮಾಡಿದ ಕರಿವರ್ಧನ್ ಅವರ ಹೆಸರಿನಲ್ಲಿ 2003ರಲ್ಲಿ ತೆರೆದ ಟ್ರ್ಯಾಕ್ ಅದು. ಅಲ್ಲಿ ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿ, ಹೇಳಿಕೊಡುವವರ ಕಣ್ಣಳತೆಯಲ್ಲಿ ತನ್ನ ಗಾಡಿಯನ್ನು ತಾನೇ ಓಡಿಸಬಹುದು. ಎದುರಿಗೆ ಎತ್ತಿನಗಾಡಿ ಬರುವುದಿಲ್ಲ. ಹೊರಡುವ ಮುನ್ನಾದಿನ ಅವನು ಸ್ಟೆಪ್ನಿ, ಜ್ಯಾಕು, ಕಾಲೊರೆಸು, ಅಮ್ಮ ಇಟ್ಟ ಗಣಪತಿ ವಿಗ್ರಹ ಸಮೇತ ಎಲ್ಲವನ್ನೂ ಕಾರಿನಿಂದ ಇಳಿಸುತ್ತಾನೆ. ಚಕ್ರದ ನಟ್ಟುಗಳನ್ನು ಬಿಗಿದು ನೋಡುತ್ತಾನೆ, ಟೈರಿನ ಗಾಳಿ ಅಳೆಯುತ್ತಾನೆ. ಓಡಿ ಬಿಸಿಯಾದ ಮೇಲೆ ಗಾಳಿಯ ಒತ್ತಡ ಏರುವುದರಿಂದ ಮತ್ತೆ ಅಳೆಯಬೇಕು.

ಕಳೆದ ಸಲ ಹೊರಡುವಾಗ ಮಾವನ ಆಶೀರ್ವಾದಕ್ಕೆಂದು ಕೆ.ಆರ್. ನಗರಕ್ಕೆ ಬಂದಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಊರಲ್ಲೇ ಸಣ್ಣ ಗ್ಯಾರೇಜು ನಡೆಸಿ ಈಗ ಅದನ್ನೂ ಬಿಟ್ಟಿರುವ ಮಾವನಿಗೆ ಕಣ್ಣು ಮಂಜು. ಕಾರಿನ ಸುತ್ತ ಕೈಯಾಡಿಸಿ, "ಬ್ರೇಕ್ ಆಯಿಲ್ ಹೊಸದು ಹಾಕ್ಸಿದ್ದೀಯೇನಪ್ಪ?" ಎಂದು ಕೇಳಿದರು. ಹಳೆಯ ಆಯಿಲ್ ನೀರಿನ ತೇವ ಹೀರಿಕೊಂಡಿರುತ್ತದೆ. ಬಿಸಿಯಾದಾಗ ಕುದಿದು ಗುಳ್ಳೆಯೇಳುತ್ತದೆ, ಪೆಡಲು ನೆಲಕ್ಕೆ ಇಳಿಯುತ್ತದೆ. ಮೂರು ತಿಂಗಳ ಹಿಂದೆ ಹಾಕಿಸಿದ್ದೇನೆ ತಾತ ಎಂದ ಹುಡುಗ. "ನಾಳೆ ಹೋಗು ಹಂಗಾರೆ" ಎಂದು ಮಾವ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಅವನು ಆಯಿಲ್ ಹುಡುಕಿಕೊಂಡು ಮೈಸೂರಿಗೆ ಹೋದ.