ಕಡಲಿಲ್ಲದ ನಾಲ್ಕು ತಾಲ್ಲೂಕುಗಳ ನೀಲಿ ಆರ್ಥಿಕತೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಸಮುದ್ರತೀರವಿಲ್ಲ. ಆದರೂ ಇಲ್ಲಿನ ಹೊಳೆಗಳನ್ನು ತುಂಬಿಸುವ ಮುಂಗಾರು ಅರಬ್ಬೀ ಸಮುದ್ರದಿಂದ ಬರುತ್ತದೆ. ಇಲ್ಲಿಂದ ಹರಿಯುವ ನೀರು ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಎರಡು ಕಡಲುಗಳ ನಡುವಣ ಈ ಸೀಮೆಯ ಹೊಳೆ, ಕೆರೆ, ಜಲಾಶಯಗಳನ್ನು ಕಾಪಾಡುವ ರೀತಿಯು ಸ್ಥಳೀಯ ಮೀನುಗಾರರ ಬದುಕನ್ನೂ ದೂರದ ಕಡಲತೀರದ ಆರೋಗ್ಯವನ್ನೂ ಏಕಕಾಲಕ್ಕೆ ನಿರ್ಧರಿಸುತ್ತದೆ. (ಈಚೆಗೆ ಪ್ರತ್ಯೇಕಗೊಂಡ ಸರಗೂರು ಮತ್ತು ಸಾಲಿಗ್ರಾಮ ತಾಲ್ಲೂಕುಗಳನ್ನು ಇಲ್ಲಿ ಮೂಲ ತಾಲ್ಲೂಕುಗಳೊಂದಿಗೇ ಪರಿಗಣಿಸಲಾಗಿದೆ.)

ಪರಿಕಲ್ಪನೆ

ಜಲಮೂಲಗಳನ್ನು ಬರಿದು ಮಾಡದೆ ಅವುಗಳಿಂದ ಆಹಾರ, ಉದ್ಯೋಗ ಮತ್ತು ಆದಾಯ ಪಡೆಯುವ ಕ್ರಮವನ್ನು ‘ನೀಲಿ ಆರ್ಥಿಕತೆ’ ಎನ್ನುತ್ತಾರೆ. 2012ರಲ್ಲಿ ರಿಯೋ ಡಿ ಜನೈರೋದಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದ ವೇಳೆಗೆ ಈ ವಿಚಾರ ಜಾಗತಿಕ ಚರ್ಚೆಗೆ ಬಂದಿತು. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 14ನೆಯದು ಕಡಲ ಜೀವರಾಶಿಯ ರಕ್ಷಣೆಗೆ ಮೀಸಲಾಗಿದೆ. ಕಡಲನ್ನು ಸೇರುವ ಮಾಲಿನ್ಯದ ಬಹುಪಾಲು ನೆಲದ ಮೇಲೆಯೇ ಹುಟ್ಟುವುದರಿಂದ ಒಳನಾಡಿನ ನದಿಗಳೂ ಈ ಗುರಿಯ ವ್ಯಾಪ್ತಿಗೆ ಬರುತ್ತವೆ.

ನದಿಗಳ ಹಾದಿ

ಕಾವೇರಿಯು ಕೊಡಗನ್ನು ದಾಟಿ ಪಿರಿಯಾಪಟ್ಟಣ ತಾಲ್ಲೂಕಿನ ಅಂಚಿನಲ್ಲಿ ಹರಿದು, ಮುಂದೆ ಚುಂಚನಕಟ್ಟೆಯಲ್ಲಿ ಧುಮುಕಿ ಕೃಷ್ಣರಾಜಸಾಗರವನ್ನು ಸೇರುತ್ತದೆ. ಲಕ್ಷ್ಮಣತೀರ್ಥವು ಕೊಡಗಿನ ಇರ್ಪು ಬಳಿ ಹುಟ್ಟಿ, ಹುಣಸೂರು ತಾಲ್ಲೂಕಿನ ಹನಗೋಡು ಅಣೆಕಟ್ಟೆಯ ಮೂಲಕ ಹಾದು ಅದೇ ಜಲಾಶಯಕ್ಕೆ ಬರುತ್ತದೆ. ಕೇರಳದ ವಯನಾಡಿನಿಂದ ಬರುವ ಕಬಿನಿಗೆ ಎಚ್.ಡಿ. ಕೋಟೆ ಸೀಮೆಯಲ್ಲಿ 1974ರಲ್ಲಿ ಅಣೆಕಟ್ಟೆ ಪೂರ್ಣಗೊಂಡಿತು. 19.52 ಟಿಎಂಸಿ ಅಡಿ ಸಾಮರ್ಥ್ಯದ ಈ ಜಲಾಶಯವಲ್ಲದೆ ನುಗು, ತಾರಕ ಮತ್ತು ಹೆಬ್ಬಳ್ಳ ಜಲಾಶಯಗಳೂ ಇದೇ ಸೀಮೆಯಲ್ಲಿವೆ. ಕಬಿನಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಮುಂದೆ ತಮಿಳುನಾಡಿನ ಪೂಂಪುಹಾರ್ ಬಳಿ ಕಾವೇರಿ ಸಮುದ್ರ ಸೇರುತ್ತದೆ.

ಸಮುದ್ರ ಸೇರುವ ನೀರು ವ್ಯರ್ಥವೇ?

ಜಲಾಶಯಗಳು ಭರ್ತಿಯಾದ ವರ್ಷಗಳಲ್ಲಿ ‘ನೀರು ಸಮುದ್ರದ ಪಾಲಾಯಿತು’ ಎಂಬ ಮಾತು ಸಾಮಾನ್ಯ. ನದಿಯು ಕಡಲಿಗೆ ಒಯ್ಯುವ ಹೂಳಿನಿಂದಲೇ ಮುಖಜಭೂಮಿ ಉಳಿಯುತ್ತದೆ. ಅದರ ಪೋಷಕಾಂಶಗಳಿಂದ ಅಳಿವೆಯ ಮೀನು, ಸೀಗಡಿಗಳು ಬೆಳೆಯುತ್ತವೆ. ಸಿಹಿನೀರಿನ ಹರಿವು ಕುಗ್ಗಿದಾಗ ಉಪ್ಪುನೀರು ಒಳನುಗ್ಗುತ್ತದೆ. 1934ರಲ್ಲಿ ಮೆಟ್ಟೂರು ಅಣೆಕಟ್ಟೆ ಪೂರ್ಣಗೊಂಡ ಮೇಲೆ, ಮೊಟ್ಟೆಯಿಡಲು ಕಡಲಿನಿಂದ ಕಾವೇರಿಯನ್ನು ಏರಿ ಬರುತ್ತಿದ್ದ ಹಿಲ್ಸಾ ಮೀನಿನ ಹಾದಿ ಮುಚ್ಚಿಹೋಯಿತು.

ಕಾವೇರಿ ನ್ಯಾಯಮಂಡಳಿಯು 2007ರ ಅಂತಿಮ ತೀರ್ಪಿನಲ್ಲಿ ಒಟ್ಟು 740 ಟಿಎಂಸಿ ಅಡಿ ನೀರಿನ ಪೈಕಿ ಪರಿಸರ ರಕ್ಷಣೆಗೆ 10 ಟಿಎಂಸಿ ಅಡಿಯನ್ನೂ, ಅನಿವಾರ್ಯವಾಗಿ ಸಮುದ್ರಕ್ಕೆ ಹರಿಯುವ ಪ್ರಮಾಣವೆಂದು 4 ಟಿಎಂಸಿ ಅಡಿಯನ್ನೂ ಮೀಸಲಿಟ್ಟಿತು. ನದಿಗೂ ಕಡಲಿಗೂ ನೀರಿನಲ್ಲಿ ಪಾಲಿದೆ ಎಂಬುದಕ್ಕೆ ಇಲ್ಲಿ ಅಲ್ಪ ಪ್ರಮಾಣದಲ್ಲಾದರೂ ಮನ್ನಣೆ ದೊರೆತಿದೆ.

ಕಬಿನಿಯ ಬಿಳಿಮೀನು

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಸದಸ್ಯರೊಬ್ಬರು ಕಬಿನಿ ನದಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಸೀರ್ ಹಿಡಿದರು. ಗಾಳದಲ್ಲಿ ಸಿಕ್ಕ ಅತಿ ಭಾರದ ಮಹಸೀರ್ ಎಂಬ ದಾಖಲೆ ಅದರದು. ಕನ್ನಡದಲ್ಲಿ ಬಿಳಿಮೀನು ಎನಿಸಿಕೊಳ್ಳುವ, ಬೆನ್ನು ಗೂನಾಗಿರುವ ಈ ಮಹಸೀರ್ ಕಾವೇರಿ ಕೊಳ್ಳದಲ್ಲಿ ಮಾತ್ರ ಕಾಣಸಿಗುತ್ತದೆ. ಇದರ ವೈಜ್ಞಾನಿಕ ಹೆಸರು ‘ಟಾರ್ ರೆಮಾದೇವಿ’ ಎಂಬುದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಇದು ಅಳಿವಿನ ಅತಿ ಗಂಭೀರ ಅಪಾಯದಲ್ಲಿರುವ ಪ್ರಭೇದಗಳ ಕೆಂಪುಪಟ್ಟಿಯನ್ನೂ ಸೇರಿತು.

ಅಣೆಕಟ್ಟೆಗಳು ಮತ್ತು ಸಿಡಿಮದ್ದಿನ ಬೇಟೆಯ ಜೊತೆಗೆ, ಸದುದ್ದೇಶದ ಒಂದು ಕ್ರಮವೂ ಈ ಅವನತಿಗೆ ಕಾರಣವಾಯಿತು. 1970ರ ದಶಕದಿಂದೀಚೆಗೆ ಮಹಾರಾಷ್ಟ್ರದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಹೊರಗಿನ ಪ್ರಭೇದ ಹೆಚ್ಚಿದಂತೆ ಸ್ಥಳೀಯ ಮೀನು ಹಿಂದೆ ಸರಿಯಿತು. ಜಲಾಶಯಕ್ಕೆ ಮರಿ ಬಿತ್ತನೆ ಮಾಡುವಾಗ ಮರಿಗಳ ಸಂಖ್ಯೆಯಷ್ಟೇ ಅವುಗಳ ಜಾತಿಯೂ ಮುಖ್ಯವೆಂಬುದು ಇದರಿಂದ ಕಲಿಯಬೇಕಾದ ಪಾಠ.

ಮೀನು ಹಿಡಿಯುವ ಹಕ್ಕು

ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಇಲ್ಲಿನ ಕೆರೆ, ಜಲಾಶಯಗಳಲ್ಲಿ ಬೆಳೆಸುವ ಪ್ರಮುಖ ಮೀನುಗಳು. ಹರಿಗೋಲು ಮತ್ತು ಬೀಸುಬಲೆಯನ್ನು ನಂಬಿದ ಕುಟುಂಬಗಳಿಗೆ ಮೀನಿನ ಬೆಲೆಯಷ್ಟೇ ಮಹತ್ವದ್ದು ನೀರಿನ ಮೇಲಿನ ಹಕ್ಕು. ಗುತ್ತಿಗೆ ಮೊತ್ತ ಏರಿದಂತೆ ಹಣವಂತರು ಹಕ್ಕುದಾರರಾಗಿ, ಬಲೆ ಬೀಸುವವರು ಕೂಲಿಗಳಾಗುವ ಅಪಾಯವಿದೆ.

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳಲ್ಲಿ ವಾಸಿಸುವ ಜೇನುಕುರುಬ, ಬೆಟ್ಟಕುರುಬ ಸಮುದಾಯಗಳ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಕಬಿನಿಯ ಹಿನ್ನೀರು ನಾಗರಹೊಳೆ ಮತ್ತು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶಗಳ ನಡುವೆ ಹರಡಿಕೊಂಡಿದೆ. 2006ರ ಅರಣ್ಯ ಹಕ್ಕು ಕಾಯ್ದೆಯು ಅರಣ್ಯವಾಸಿಗಳ ಸಮುದಾಯ ಹಕ್ಕುಗಳಲ್ಲಿ ಮೀನು ಮತ್ತು ಜಲಮೂಲಗಳ ಇತರ ಉತ್ಪನ್ನಗಳನ್ನು ಸ್ಪಷ್ಟವಾಗಿ ಸೇರಿಸಿದೆ. ವನ್ಯಜೀವಿ ರಕ್ಷಣೆ ಮತ್ತು ಈ ಹಕ್ಕಿನ ನಡುವೆ ಹೊಂದಾಣಿಕೆ ಮೂಡದಿದ್ದರೆ ನೀಲಿ ಆರ್ಥಿಕತೆಯ ಲಾಭ ಹಾಡಿಗಳನ್ನು ತಲುಪಲಾರದು.

ಕೇಂದ್ರ ಸರ್ಕಾರವು 2020ರಲ್ಲಿ 20,050 ಕೋಟಿ ರೂಪಾಯಿಗಳ ‘ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ’ಯನ್ನು ಜಾರಿಗೆ ತಂದಿತು. ಫಲಾನುಭವಿ ಆಧಾರಿತ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಶೇ 40, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 60ರ ಸಹಾಯಧನವನ್ನು ಅದು ನಿಗದಿಪಡಿಸಿತು.

ಹೊಲದಿಂದ ಹೊಳೆಗೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ತಂಬಾಕು, ಕೆ.ಆರ್. ನಗರದಲ್ಲಿ ಭತ್ತ ಮುಖ್ಯ ಬೆಳೆಗಳು. ಹೊಲಗದ್ದೆಗಳಿಂದ ಹರಿದುಬರುವ ರಸಗೊಬ್ಬರದ ಅಂಶ ಮತ್ತು ಪಟ್ಟಣಗಳ ಕೊಳಚೆ ನೀರು ಕೆರೆಹೊಳೆಗಳಲ್ಲಿ ಪಾಚಿ, ಅಂತರಗಂಗೆಯನ್ನು ಹೆಚ್ಚಿಸುತ್ತವೆ. ಅವು ಕೊಳೆತಾಗ ನೀರಿನ ಆಮ್ಲಜನಕ ಇಳಿದು ಮೀನುಗಳು ಸಾಯುತ್ತವೆ.

ಇದಕ್ಕೆ ಹವಾಮಾನದ ಏರುಪೇರೂ ಸೇರಿದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರ ನಡುವೆ ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದಿದೆ. 2019ರ ಆಗಸ್ಟ್‌ನಲ್ಲಿ ಪ್ರವಾಹ ಕಂಡ ಸೀಮೆಯೇ 2023ರಲ್ಲಿ ಮಳೆಯ ಕೊರತೆಯನ್ನೂ ಎದುರಿಸಿತು.

ಮುಂದಿನ ದಾರಿ

ಕೊಳಚೆ ನೀರನ್ನು ಶುದ್ಧೀಕರಿಸಿಯೇ ಹೊಳೆಗೆ ಬಿಡುವುದು, ಕೆರೆಗಳ ಹೂಳು ತೆಗೆದು ಪೋಷಕ ಕಾಲುವೆಗಳನ್ನು ತೆರವುಗೊಳಿಸುವುದು, ಮೀನು ಮೊಟ್ಟೆಯಿಡುವ ಕಾಲದಲ್ಲಿ ಬಲೆಗೆ ಬಿಡುವು ಕೊಡುವುದು, ನದಿಗೆ ಸ್ಥಳೀಯ ತಳಿಗಳನ್ನಷ್ಟೇ ಬಿಡುವುದು, ಬೇಸಿಗೆಯಲ್ಲೂ ನದಿಯಲ್ಲಿ ಕನಿಷ್ಠ ಹರಿವು ಉಳಿಸುವುದು ತುರ್ತಾಗಿ ಆಗಬೇಕಾದ ಕೆಲಸಗಳು. ಗುತ್ತಿಗೆ ಮತ್ತು ಸಹಾಯಧನದಲ್ಲಿ ಬಲೆ ಬೀಸುವ ಕೈಗಳಿಗೇ ಆದ್ಯತೆ ಸಲ್ಲಬೇಕು. ಹನಗೋಡಿನಲ್ಲಿ ತಿಳಿಯಾಗಿ ಉಳಿದ ನೀರು ಅಲ್ಲಿನ ಮೀನುಗಾರನಿಗೂ, ನೂರಾರು ಕಿಲೋಮೀಟರ್ ಕೆಳಗೆ ಕಡಲಂಚಿನಲ್ಲಿ ದೋಣಿ ಇಳಿಸುವವನಿಗೂ ಒದಗುತ್ತದೆ.